ನೀರೊಳಗಿನ ಹಾವಸೆ: ಅಕ್ವೇರಿಯಂನಲ್ಲಿ ಮಾಸ್ ಕಟ್ಟಿ ಬೆಳೆಸುವ ಕ್ರಮ

ಅಕ್ವೇರಿಯಂಗೆ ಹೊಸದಾಗಿ ಹಾಕಿದ ಮಾಸ್ ಎಷ್ಟೋ ಸಲ ಒಂದೂವರೆ ತಿಂಗಳಲ್ಲಿ ಒಳಗಿನಿಂದ ಕಂದಾಗಿ, ಒಂದು ದಿನ ಇಡೀ ಹೊದಿಕೆಯೇ ಕಲ್ಲಿನಿಂದ ಕಳಚಿ ತೇಲುತ್ತದೆ. ಹೆಚ್ಚಿನವರು ಬೆಳಕು ಸಾಲಲಿಲ್ಲ ಎಂದುಕೊಂಡು ದೀಪ ಹೆಚ್ಚಿಸುತ್ತಾರೆ. ಆಗ ಉಳಿದ ಮಾಸ್ ಮೇಲೆ ಪಾಚಿ ಹಬ್ಬುತ್ತದೆ. ನಿಜವಾದ ತಪ್ಪು ನಡೆದಿರುವುದು ಮೊದಲ ದಿನವೇ, ಮಾಸನ್ನು ದಪ್ಪವಾಗಿ ಕಟ್ಟಿದಾಗ. ತೆಳುವಾಗಿ ಹರಡುವುದನ್ನು ಕಲಿತವರಿಗೆ ಈ ಗಿಡದ ಅರ್ಧ ಕೆಲಸ ಬಂದಂತೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಆಡುಮಾತಿನಲ್ಲಿ ಕಲ್ಲಿನ ಮೇಲಿನ ಹಸಿರು ಮೆತ್ತೆಯೂ ಪಾಚಿ, ನೀರಿನಲ್ಲಿ ಲೋಳೆಯಾಗಿ ಹಬ್ಬುವುದೂ ಪಾಚಿ. ಎರಡೂ ಬೇರೆ ಬೇರೆ. ಮಾಸ್ ಎಂದರೆ ಹಾವಸೆ. ಪುಟ್ಟ ಕಾಂಡ, ಪುಟ್ಟ ಎಲೆ ಇರುವ ನೆಲಸಸ್ಯಗಳ ಬಳಗ. ಗಾಜಿಗೆ ಅಂಟುವ, ನೂಲಾಗಿ ಎಳೆಯುವ ಪಾಚಿ ಅದರ ಎದುರಾಳಿ. ಇಲ್ಲಿ ಮಾಸ್ ಎಂದಾಗಲೆಲ್ಲ ಹಾವಸೆ, ಪಾಚಿ ಎಂದಾಗಲೆಲ್ಲ ಆ ಎದುರಾಳಿ ಎಂದೇ ತಿಳಿಯಿರಿ.

ಮಾಸ್ ಬದುಕುವ ರೀತಿ

ಮಾಸ್‌ಗೆ ಬೇರಿಲ್ಲ. ಕಲ್ಲನ್ನೋ ಮರವನ್ನೋ ಹಿಡಿದುಕೊಳ್ಳಲು ಕೂದಲಿನಂಥ ಎಳೆಗಳಿವೆ, ಅಷ್ಟೆ. ಅವು ಆಹಾರ ಹೀರುವುದಕ್ಕಿಂತ ಹೆಚ್ಚಾಗಿ ಲಂಗರು. ಎಲೆಗಳು ಬಹುತೇಕ ಒಂದೇ ಜೀವಕೋಶದಷ್ಟು ದಪ್ಪ. ಪೋಷಕಾಂಶ, ಇಂಗಾಲದ ಡೈಆಕ್ಸೈಡ್ ಎಲ್ಲವೂ ಆ ಎಲೆಯ ಮೈಯಿಂದಲೇ ಒಳಹೋಗಬೇಕು. ಹಾಗಾಗಿ ತಳದ ಮಣ್ಣು ಎಷ್ಟೇ ಫಲವತ್ತಾಗಿದ್ದರೂ ಮಾಸ್‌ಗೆ ನೇರವಾಗಿ ಪ್ರಯೋಜನವಿಲ್ಲ, ಬೇರಿಗೆಂದು ಹೂಳುವ ಗೊಬ್ಬರದ ಗುಳಿಗೆಯೂ ವ್ಯರ್ಥ. ಎಲೆಯನ್ನು ಸವರಿಕೊಂಡು ಹೋಗುವ ನೀರೇ ಅದರ ನೆಲ.

ಇದರಿಂದ ಎರಡು ಮಾತು ಹೊರಡುತ್ತವೆ. ಎಲೆಯ ಮೇಲೆ ಕಸ ಕೂತರೆ ಗಿಡದ ಬಾಯಿಯೇ ಮುಚ್ಚಿದಂತೆ. ಮಾಸ್ ಮೇಲೆ ಮಾಸ್ ಹೇರಿದರೆ ಅಡಿಯಲ್ಲಿರುವುದಕ್ಕೆ ಬೆಳಕೂ ಇಲ್ಲ, ಹರಿವೂ ಇಲ್ಲ, ಅದು ಕೊಳೆಯುತ್ತದೆ. ಕಲ್ಲನ್ನು ಹಿಡಿದುಕೊಳ್ಳಬೇಕಾದ ಎಳೆಗಳು ಹುಟ್ಟಬೇಕಾದದ್ದು ಆ ಅಡಿಯ ಪದರದಲ್ಲೇ. ಅದು ಸತ್ತರೆ ಮೇಲಿನದಕ್ಕೆ ಹಿಡಿತವೇ ಇರುವುದಿಲ್ಲ.

ಯಾವ ಮಾಸ್?

ಜಾವಾ ಮಾಸ್ ಎಲ್ಲಕ್ಕಿಂತ ಗಟ್ಟಿ. ಅದರ ಶಾಸ್ತ್ರೀಯ ಹೆಸರು ಟ್ಯಾಕ್ಸಿಫಿಲಮ್ ಬಾರ್ಬೀರಿ. ಬಹುಕಾಲ ವೆಸಿಕ್ಯುಲೇರಿಯ ದುಬ್ಯಾನಾ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಕಡಿಮೆ ಬೆಳಕು, ಗಡಸು ನೀರು, ಹವ್ಯಾಸಿಯ ಮರೆವು, ಎಲ್ಲವನ್ನೂ ತಾಳಿಕೊಳ್ಳುತ್ತದೆ. ಆದರೆ ಅಂಕೆಯಿಲ್ಲದೆ ದಿಕ್ಕುದಿಕ್ಕಿಗೆ ಚಾಚುತ್ತದೆ, ಕಲ್ಲನ್ನು ಹಿಡಿಯುವುದೂ ಸಡಿಲವಾಗಿಯೇ. ಮೀನು ಮರಿಗಳಿಗೆ ಅಡಗುತಾಣ, ಸಿಗಡಿಗಳಿಗೆ ಮೇವಿನ ಜಾಗ ಬೇಕಾದರೆ ಇದೇ ಸಾಕು.

ನೋಟಕ್ಕಾಗಿ ಬೆಳೆಸುವವರಿಗೆ ಕ್ರಿಸ್ಮಸ್ ಮಾಸ್ ಮೊದಲ ಆಯ್ಕೆಯಾಗಲಿ. ಕೊಂಬೆಗಳು ತ್ರಿಕೋನಾಕಾರದಲ್ಲಿ ಕವಲೊಡೆದು, ಒಂದರ ಮೇಲೊಂದು ಹೆಂಚಿನಂತೆ ಕೂರುತ್ತವೆ; ಹಿಡಿತವೂ ಜಾವಾಗಿಂತ ಚೆನ್ನ. ವೀಪಿಂಗ್ ಮಾಸ್ ಕೆಳಮುಖವಾಗಿ ಇಳಿಬೀಳುತ್ತದೆ, ಮರದ ಕೊಂಬೆಯ ಅಂಚಿಗೆ ಕಟ್ಟಿದರೆ ಚೆಂದ. ಫ್ಲೇಮ್ ಮಾಸ್ ಮೇಲ್ಮುಖವಾಗಿ ತಿರುಚಿಕೊಂಡು ಏಳುತ್ತದೆ, ಹಾಗಾಗಿ ಹಿನ್ನೆಲೆಗೆ ಸೂಕ್ತ. ಫೀನಿಕ್ಸ್ ಮಾಸ್ ಎಂದು ಕರೆಯುವ ಫಿಸಿಡೆನ್ಸ್ ಫಾಂಟಾನಸ್ ಪುಟ್ಟ ಗರಿಗಳ ಗುಚ್ಛದಂತೆ ಬೆಳೆಯುತ್ತದೆ, ಕಲ್ಲಿಗೆ ಬಲವಾಗಿ ಅಂಟಿಕೊಳ್ಳುತ್ತದೆ, ಅಪರೂಪಕ್ಕೆ ಕತ್ತರಿ ಬಯಸುತ್ತದೆ. ಅದರ ಬೆಲೆ ತಾಳ್ಮೆ: ಮೊದಲ ತಿಂಗಳು ಏನೂ ಬದಲಾದಂತೆ ಕಾಣುವುದಿಲ್ಲ.

ಮಾಸ್ ಎಂಬ ಹೆಸರಿನಲ್ಲಿ ಸಿಗುವ ಎಲ್ಲವೂ ಮಾಸ್ ಅಲ್ಲ. ಮಾಸ್ ಬಾಲ್ ಎಂಬ ಹಸಿರು ಚೆಂಡು ಒಂದು ಬಗೆಯ ಪಾಚಿ. ರಿಕ್ಸಿಯಾ ಮತ್ತು ಮಿನಿ ಪೆಲಿಯಾ ಎಂಬ ರಿಕಾರ್ಡಿಯಾ ಹಾವಸೆಯ ದಾಯಾದಿಗಳು. ಇವೆರಡಕ್ಕೂ ರಾಸಾಯನಿಕಗಳೆಂದರೆ ಮಾಸ್‌ಗಿಂತ ಹೆಚ್ಚು ಭಯ, ಮುಂದೆ ಪಾಚಿಯ ಮದ್ದು ಹಾಕುವಾಗ ಇದು ನೆನಪಿರಲಿ.

ತಂದ ಕೂಡಲೇ ಟ್ಯಾಂಕ್‌ಗೆ ಹಾಕಬೇಡಿ

ಮಾಸ್ ಕೊಳ್ಳುವಾಗ ಹಸಿರು ತುದಿಗಳನ್ನು ನೋಡಿ. ತುದಿ ತಿಳಿಹಸಿರಾಗಿದ್ದರೆ ಬೆಳೆಯುತ್ತಿದೆ ಎಂದರ್ಥ. ಬಿಳಿ ತಟ್ಟೆಯಲ್ಲಿ ನೀರು ಹಾಕಿ ಹರಡಿ, ಉದ್ದನೆಯ ನೂಲು, ಕಪ್ಪು ಕುಚ್ಚು, ಬಸವನಹುಳುವಿನ ಲೋಳೆಮೊಟ್ಟೆ ಇವೆಯೇ ಎಂದು ಹುಡುಕಿ. ಹೊರಗಿನ ತೊಟ್ಟಿಯಲ್ಲಿ ಬೆಳೆದ ಮಾಸ್‌ನಲ್ಲಿ ಏರೋಪ್ಲೇನ್ ಚಿಟ್ಟೆಯ ನೀರುಮರಿಗಳೂ ಇರಬಹುದು. ಅವು ಸಣ್ಣ ಸಿಗಡಿಗಳನ್ನು, ಮೀನು ಮರಿಗಳನ್ನು ಹಿಡಿದು ತಿನ್ನುತ್ತವೆ.

ಕೋಣೆಯ ಉಷ್ಣತೆಯ ನೀರಿನಲ್ಲಿ ನಾಲ್ಕೈದು ಸಲ ಜಾಲಾಡಿಸಿ, ನೀರು ತಿಳಿಯಾಗುವವರೆಗೆ. ನಂತರ ಬೇರೊಂದು ಪಾತ್ರೆಯಲ್ಲಿ, ಸಾಧಾರಣ ಬೆಳಕಿನಲ್ಲಿ 3 ವಾರ ಇಡಿ. ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಮೊಟ್ಟೆಗಳಿದ್ದರೆ ಅಷ್ಟರಲ್ಲಿ ಒಡೆದು ಮರಿಗಳು ಕಣ್ಣಿಗೆ ಬೀಳುತ್ತವೆ, ಚಿಮಟದಿಂದ ಹೆಕ್ಕಬಹುದು. ದಪ್ಪ ಎಲೆಯ ಗಿಡಗಳನ್ನು ಅದ್ದುವ ಬ್ಲೀಚ್ ದ್ರಾವಣದಲ್ಲಿ ಮಾಸನ್ನು ಅದ್ದಬೇಡಿ. ಒಂದೇ ಕೋಶದ ಎಲೆ ಅದನ್ನು ತಡೆಯುವುದಿಲ್ಲ.

ಟಿಶ್ಯೂ ಕಲ್ಚರ್, ಅಂದರೆ ಪ್ರಯೋಗಾಲಯದಲ್ಲಿ ಜೆಲ್ ಮೇಲೆ ಬೆಳೆಸಿ, ಮುಚ್ಚಿದ ಡಬ್ಬಿಯಲ್ಲಿ ಬರುವ ಮಾಸ್‌ಗೆ ಈ ಕಾಯುವಿಕೆ ಬೇಡ. ಆದರೆ ಅದರೊಳಗಿನ ಜೆಲ್‌ನಲ್ಲಿ ಸಕ್ಕರೆ ಅಂಶ ಇರುತ್ತದೆ. ಒಂದಿಷ್ಟೂ ಉಳಿಯದಂತೆ ತೊಳೆಯದಿದ್ದರೆ ಎರಡು ದಿನದಲ್ಲಿ ಬಿಳಿ ಬೂಸ್ಟು ಸುತ್ತಿಕೊಳ್ಳುತ್ತದೆ.

ಕಟ್ಟುವುದು, ಅಂಟಿಸುವುದು

ಯಾವುದರ ಮೇಲೆ ಕಟ್ಟುತ್ತೀರಿ ಎನ್ನುವುದು ಮುಖ್ಯ. ನುಣುಪಾದ ಹೊಳೆಗಲ್ಲಿಗಿಂತ ರಂಧ್ರಗಳಿರುವ ಲಾವಾ ಕಲ್ಲು ಎಷ್ಟೋ ಮೇಲು. ಡ್ರಿಫ್ಟ್‌ವುಡ್ (ಅಲಂಕಾರಕ್ಕೆ ಇಡುವ ಒಣ ಮರದ ತುಂಡು) ಹೊಸದಾದರೆ 1ರಿಂದ 2 ವಾರ ನೆನೆಸಿಡಿ. ಮೊದಮೊದಲು ಅದರ ಮೇಲೆ ಬೆಳೆಯುವ ಬಿಳಿ ಲೋಳೆ ಮೀನಿಗೆ ಅಪಾಯವಲ್ಲ, ಆದರೆ ಎಳೆಯ ಮಾಸನ್ನು ಉಸಿರುಗಟ್ಟಿಸುತ್ತದೆ. ಆ ಲೋಳೆ ಬಂದು ಹೋದ ಮೇಲೆ ಮಾಸ್ ಕಟ್ಟಿ. ಕಲ್ಲಿನ ಮೇಲೆ ವಿನೆಗರ್‌ನ ಒಂದೆರಡು ಹನಿ ಬಿಟ್ಟಾಗ ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ, ನೀರಿನ ಗಡಸುತನ ಏರಿಸುತ್ತದೆ ಎಂದು ತಿಳಿಯಿರಿ.

ಈಗ ಮಾಸನ್ನು ಕತ್ತರಿಸಿ. ಉದ್ದನೆಯ ಎಳೆಗಳನ್ನು ಹಾಗೆಯೇ ಸುತ್ತಬೇಡಿ. 1ರಿಂದ 2 ಸೆಂ.ಮೀ. ತುಂಡುಗಳಾಗಿಸಿ. ಪ್ರತಿ ತುಂಡೂ ಹೊಸ ಗಿಡವಾಗಬಲ್ಲದು, ಕತ್ತರಿಸಿದ ಜಾಗದ ಬಳಿಯಿಂದ ಕವಲುಗಳು ಬರುತ್ತವೆ, ಕವಲು ಹೆಚ್ಚಿದಷ್ಟೂ ಹೊದಿಕೆ ದಟ್ಟ. ನಿಂಬೆಹಣ್ಣಿನ ಗಾತ್ರದ, ನೀರು ಹಿಂಡಿದ ಒಂದು ಉಂಡೆ ಸುಮಾರು 10 ಸೆಂ.ಮೀ. ಉದ್ದಗಲದ ಜಾಗಕ್ಕೆ ಸಾಕು. ಹರಡಿದ ಮೇಲೆ ಸಂದಿಗಳಲ್ಲಿ ಕಲ್ಲು ಅಲ್ಲಲ್ಲಿ ಕಾಣಬೇಕು. ಕಲ್ಲು ಪೂರ್ತಿ ಮುಚ್ಚಿಹೋದರೆ ಹೆಚ್ಚಾಯಿತು, ತೆಗೆಯಿರಿ. ಮೊದಲ ದಿನ ಬಡವಾಗಿ ಕಾಣುವ ಕಲ್ಲೇ ಮೂರು ತಿಂಗಳಿಗೆ ಮೈತುಂಬಿಕೊಳ್ಳುವುದು.

ದಾರದಿಂದ ಕಟ್ಟುವುದಾದರೆ: ಒಂದು ತುದಿಯಲ್ಲಿ ಗಂಟು ಹಾಕಿ, 5ರಿಂದ 8 ಮಿ.ಮೀ. ಅಂತರದಲ್ಲಿ ಸುತ್ತುತ್ತ ಹೋಗಿ, ಬಳಿಕ ಅಡ್ಡಡ್ಡ ಇನ್ನೊಂದು ಸುತ್ತು. ಎಳೆ ಅಲುಗಾಡದಷ್ಟು ಬಿಗಿ ಸಾಕು; ದಾರ ಎಲೆಯನ್ನು ಕೊಯ್ಯಬಾರದು. ಕ್ರಿಸ್ಮಸ್ ಮಾಸ್, ಫಿಸಿಡೆನ್ಸ್‌ಗಳಿಗೆ ಕಡು ಬಣ್ಣದ ಹತ್ತಿ ದಾರ ಒಳ್ಳೆಯದು. ಅದು ಕೆಲವು ವಾರಗಳಲ್ಲಿ ಕೊಳೆತುಹೋಗುತ್ತದೆ, ಅಷ್ಟರಲ್ಲಿ ಮಾಸ್ ತಾನೇ ಹಿಡಿದುಕೊಂಡಿರುತ್ತದೆ. ಜಾವಾ ಮಾಸ್‌ಗೆ ಹತ್ತಿ ದಾರ ನಂಬಿದರೆ ದಾರ ಹೋದ ವಾರವೇ ಮಾಸ್ ಕೂಡ ಹೋಗಬಹುದು. ಅದಕ್ಕೆ ತೆಳ್ಳನೆಯ ನೈಲಾನ್ ಗಾಳದ ದಾರವೇ ಸರಿ. ತುದಿಗಳನ್ನು ಮೋಟಾಗಿ ಕತ್ತರಿಸಿ, ಸಡಿಲ ಕುಣಿಕೆ ಉಳಿಸಬೇಡಿ. ಸಣ್ಣ ಮೀನುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ.

ಅಂಟಾದರೆ ಸಯನೋಅಕ್ರಿಲೇಟ್ ಜೆಲ್ (ಸೂಪರ್ ಗ್ಲೂ ಬಗೆಯ ಮಂದ ಅಂಟು) ಮಾತ್ರ. ನೀರಾಗಿ ಹರಿಯುವ ಬಗೆ ಎಲೆಗಳ ನಡುವೆ ಹೀರಿಕೊಂಡು ಇಡೀ ಗೊಂಚಲನ್ನು ಗಟ್ಟಿ ಉಂಡೆ ಮಾಡಿಬಿಡುತ್ತದೆ. ಕಲ್ಲಿನ ಮೇಲ್ಮೈಯನ್ನು ಒರೆಸಿ, 1ರಿಂದ 2 ಮಿ.ಮೀ. ಚುಕ್ಕೆಗಳನ್ನು ಎರಡು ಸೆಂ.ಮೀ.ಗೊಂದರಂತೆ ಇಡಿ. ಚಿಕ್ಕ ಗೊಂಚಲನ್ನು ಚಿಮಟದಲ್ಲಿ ಹಿಡಿದು ಚುಕ್ಕೆಯ ಮೇಲೆ 10 ಸೆಕೆಂಡು ಒತ್ತಿ, ಮೇಲೆ ಸ್ವಲ್ಪ ನೀರು ಸಿಂಪಡಿಸಿ. ತೇವ ತಾಗಿದೊಡನೆ ಅದು ಗಟ್ಟಿಯಾಗುತ್ತದೆ. ಆಗ ಬಿಳಿಚಿಕೊಂಡು ಕಾಣುವ ಕಲೆ ಮಾಸ್ ಬೆಳೆದಂತೆ ಮುಚ್ಚಿಹೋಗುತ್ತದೆ. ಅಂಟು ತಾಗಿದ ಎಲೆ ಸಾಯುವುದು ಖಚಿತ, ಹಾಗಾಗಿ ಚುಕ್ಕೆ ಸಣ್ಣದಿರಲಿ. ಕೊಂಬೆಯ ತುದಿಗಳಿಗೆ ಮಾಸ್ ಕೂರಿಸಿ ಮರದ ರೂಪ ಕೊಡುವಾಗ ದಾರಕ್ಕಿಂತ ಅಂಟೇ ಅನುಕೂಲ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಕೈಬೆರಳನ್ನು ದೂರವಿಡಿ.

ನೆಲದ ಹಾಸು ಬೇಕಾದರೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯ ಚೌಕಗಳ ಮೇಲೆ ಕಟ್ಟಿ ಮರಳಿನ ಮೇಲಿಡಿ. ಸಾಧಾರಣ ಕಬ್ಬಿಣ ತುಕ್ಕು ಹಿಡಿಯುತ್ತದೆ. ತಾಮ್ರ, ಹಿತ್ತಾಳೆಯ ಜಾಲರಿ ಬೇಡವೇ ಬೇಡ. ತಾಮ್ರ ಸಿಗಡಿಗೂ ಮಾಸ್‌ಗೂ ವಿಷ. ಹಿನ್ನೆಲೆ ಗೋಡೆಗೆ ಎರಡು ಪ್ಲಾಸ್ಟಿಕ್ ಜಾಲರಿಗಳ ನಡುವೆ ತೆಳುವಾಗಿ ಮಾಸ್ ಹರಡಿ, ಅಂಚಿನಲ್ಲಿ ನೈಲಾನ್ ದಾರದಿಂದ ಹೊಲಿದು, ಸಕ್ಷನ್ ಕಪ್‌ಗಳಿಂದ ಗಾಜಿಗೆ ನಿಲ್ಲಿಸಿ. ಜಾಲರಿಗೂ ಗಾಜಿಗೂ ನಡುವೆ ಒಂದೆರಡು ಸೆಂ.ಮೀ. ಸಂದಿ ಬಿಟ್ಟರೆ ಹಿಂದೆ ನೀರು ಓಡಾಡುತ್ತದೆ. ಆದರೆ ಮೀನು ನುಸುಳಿ ಸಿಕ್ಕಿಹಾಕಿಕೊಳ್ಳದಂತೆ ಆ ಸಂದಿಯ ಬದಿಗಳನ್ನು ಜಾಲರಿಯಿಂದಲೇ ಮುಚ್ಚಿ.

ನೀರು, ಬೆಳಕು, ಹರಿವು

ಮಾಸ್‌ಗಳಿಗೆ ತಂಪು ಹಿತ. 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಗಿಯಾಗಿ, ಕಡುಹಸಿರಾಗಿ ಬೆಳೆಯುತ್ತವೆ. ಜಾವಾ ಮಾಸ್ 28ರವರೆಗೂ ತಾಳುತ್ತದೆ. ಉಳಿದವು ಅಲ್ಲಿಗೆ ತಲುಪುವ ಮುನ್ನವೇ ಸೊರಗತೊಡಗುತ್ತವೆ. ಡಿಸ್ಕಸ್‌ನಂಥ ಬಿಸಿನೀರಿನ ಮೀನುಗಳ ಜೊತೆ ಫಿಸಿಡೆನ್ಸ್ ಬೆಳೆಸುವ ಆಸೆ ಬಿಡಿ. ಬೇಸಿಗೆಯಲ್ಲಿ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟು ನೀರನ್ನು ಆಗಾಗ ತುಂಬಬೇಕು, ಅಷ್ಟೇ.

ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 6ರಿಂದ 7.5ರ ನಡುವೆ ಇದ್ದರೆ ಒಳ್ಳೆಯದು. ಇದಕ್ಕೆ ಕಾರಣವಿದೆ: ಹೆಚ್ಚಿನ ಮಾಸ್‌ಗಳು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಮಾತ್ರ ಬಳಸಬಲ್ಲವು, ಹಲವು ಜಲಸಸ್ಯಗಳಂತೆ ಬೈಕಾರ್ಬನೇಟಿನಿಂದ ಇಂಗಾಲ ತೆಗೆಯಲು ಅವಕ್ಕೆ ಬಾರದು. ಪಿಎಚ್ ಏರಿದಷ್ಟೂ ಅವಕ್ಕೆ ಸಿಗುವ ಇಂಗಾಲ ಕಡಿಮೆ. ಸಿಲಿಂಡರಿನಿಂದ ಅನಿಲ ಕೊಡಲೇಬೇಕೆಂದಿಲ್ಲ, ಕೊಟ್ಟರೆ ಬೆಳವಣಿಗೆ ಬಿರುಸಾಗುತ್ತದೆ, ಎಲೆ ಒತ್ತಾಗುತ್ತದೆ.

ಬೆಳಕು ದಿನಕ್ಕೆ 6ರಿಂದ 8 ಗಂಟೆ, ಲೀಟರಿಗೆ 15ರಿಂದ 25 ಲ್ಯೂಮೆನ್ (ದೀಪ ಚೆಲ್ಲುವ ಬೆಳಕಿನ ಅಳತೆ) ಸಾಕು. ಹೊಸ ಟ್ಯಾಂಕ್‌ನಲ್ಲಿ ಮೊದಲ ಮೂರು ವಾರ 6 ಗಂಟೆಗೆ ಮೀರಬೇಡಿ. ಟೈಮರ್ ಹಾಕಿಬಿಡಿ, ಒಂದು ದಿನ 5 ಗಂಟೆ, ಮರುದಿನ 11 ಗಂಟೆ ಬೆಳಕು ಕೊಡುವುದಕ್ಕಿಂತ ಪಾಚಿಗೆ ದೊಡ್ಡ ಆಮಂತ್ರಣ ಇಲ್ಲ. ಕಿಟಕಿಯ ನೇರ ಬಿಸಿಲು ಬೀಳದಿರಲಿ.

ಫಿಲ್ಟರ್ ಗಂಟೆಗೆ ಟ್ಯಾಂಕಿನ ನೀರನ್ನು 4ರಿಂದ 6 ಪಟ್ಟು ತಿರುಗಿಸಬೇಕು. ಮಾಸ್ ಎಳೆಗಳು ಹಗುರವಾಗಿ ತೂಗಾಡಿದರೆ ಹರಿವು ಸರಿಯಿದೆ. ಒಂದೇ ದಿಕ್ಕಿಗೆ ಮಲಗಿಬಿಟ್ಟರೆ ಹೆಚ್ಚಾಯಿತು, ಎಲೆಯ ಮೇಲೆ ಕಂದು ಧೂಳು ನಿಂತರೆ ಕಡಿಮೆಯಾಯಿತು. ಫಿಲ್ಟರಿನ ಹೀರುಬಾಯಿಗೆ ಸ್ಪಾಂಜ್ ಹಾಕಿ. ಮಾಸ್ ಚೂರುಗಳು ಒಳಹೋದರೆ ಪಂಪಿನ ಚಕ್ರಕ್ಕೆ ಸುತ್ತಿಕೊಳ್ಳುತ್ತವೆ.

ವಾರಕ್ಕೊಮ್ಮೆ 25ರಿಂದ 30 ಪ್ರತಿಶತ ನೀರು ಬದಲಿಸಿ, ನಲ್ಲಿ ನೀರಾದರೆ ಕ್ಲೋರಿನ್ ತೆಗೆದು. ಬದಲಿಸುವ ಮುನ್ನ ಮಾಸ್ ಮೇಲೆ ಕೂತ ಮಡ್ಡಿಯನ್ನು ಎಬ್ಬಿಸಬೇಕು: ಸೂಜಿಯಿಲ್ಲದ ದೊಡ್ಡ ಸಿರಿಂಜ್‌ನಲ್ಲಿ ನೀರೆಳೆದು ಹೊದಿಕೆಯೊಳಗೆ ಚಿಮ್ಮಿಸಿ, ಎದ್ದ ಕಸವನ್ನು ಆಗಲೇ ಪೈಪಿನಿಂದ ಎಳೆದುಬಿಡಿ. ಇದು ಐದು ನಿಮಿಷದ ಕೆಲಸ, ತಪ್ಪಿಸಿದವರ ಮಾಸ್ ನೋಡಿದರೆ ಗೊತ್ತಾಗುತ್ತದೆ.

ಮೀನುಗಳಿರುವ ಟ್ಯಾಂಕ್‌ನಲ್ಲಿ ಗೊಬ್ಬರ ಹೆಚ್ಚು ಬೇಡ. ನೈಟ್ರೇಟ್ ಲೀಟರಿಗೆ 10ರಿಂದ 20 ಮಿ.ಗ್ರಾಂ ಇದ್ದರೆ ಪೊಟ್ಯಾಶಿಯಂ ಮತ್ತು ಲಘು ಪೋಷಕಾಂಶಗಳ ದ್ರವ ಗೊಬ್ಬರವನ್ನು ಬಾಟಲಿಯಲ್ಲಿ ಬರೆದ ಅಳತೆಯ ಅರ್ಧದಿಂದ ಆರಂಭಿಸಿ. ಹೊಸ ತುದಿಗಳು ಹಳದಿ ಮಿಶ್ರಿತ ಬಿಳುಪಾಗಿ ಬಂದರೆ ಮಾತ್ರ ಏರಿಸಿ.

ಕತ್ತರಿ ಹಿಡಿಯುವ ಹೊತ್ತು

ಚೆನ್ನಾಗಿ ಬೆಳೆಯುತ್ತಿರುವ ಮಾಸನ್ನು ಕತ್ತರಿಸಲು ಮನಸ್ಸು ಬಾರದಿರುವುದು ಸಹಜ. ಆದರೆ ಕತ್ತರಿಸದ ಮಾಸ್ ತನ್ನ ನೆರಳಿನಲ್ಲೇ ತನ್ನ ಬುಡವನ್ನು ಕೊಲ್ಲುತ್ತದೆ. ಹೊದಿಕೆ 3 ಸೆಂ.ಮೀ. ದಪ್ಪ ಮುಟ್ಟಿದಾಗ ಅರ್ಧಕ್ಕೆ ಇಳಿಸಿ. ಜಾವಾ, ಕ್ರಿಸ್ಮಸ್ ಮಾಸ್‌ಗಳಿಗೆ 3ರಿಂದ 5 ವಾರಕ್ಕೊಮ್ಮೆ, ಫಿಸಿಡೆನ್ಸ್‌ಗೆ 2ರಿಂದ 3 ತಿಂಗಳಿಗೊಮ್ಮೆ ಸಾಕಾಗುತ್ತದೆ. ಮೊದಲ ಕತ್ತರಿ ಮಾತ್ರ ಸ್ವಲ್ಪ ಬೇಗ ಬೀಳಲಿ: ಎಳೆಗಳು ಒಂದೂವರೆ ಸೆಂ.ಮೀ. ಮೇಲೆದ್ದ ಕೂಡಲೇ ತುದಿ ಕತ್ತರಿಸಿದರೆ ಪಕ್ಕಕ್ಕೆ ಕವಲೊಡೆದು ಖಾಲಿ ಸಂದಿಗಳು ತುಂಬುತ್ತವೆ.

ಫಿಲ್ಟರ್ ನಿಲ್ಲಿಸಿ. ಸಾಧ್ಯವಾದರೆ ಕಲ್ಲನ್ನು ಹೊರತೆಗೆದು ನೀರು ತುಂಬಿದ ತಟ್ಟೆಯಲ್ಲಿ ಕತ್ತರಿಸಿ. ಆಗದಿದ್ದರೆ ಒಂದು ಕೈಯಲ್ಲಿ ಬಾಗಿದ ಕತ್ತರಿ, ಇನ್ನೊಂದರಲ್ಲಿ ಸೈಫನ್ ಪೈಪು. ಕತ್ತರಿಸಿದ್ದು ಚದುರುವ ಮುನ್ನವೇ ಪೈಪು ಹೀರಲಿ, ಪೈಪಿನ ತುದಿಯನ್ನು ಬಲೆಯ ಮೇಲೆ ಬಿಟ್ಟರೆ ಚೂರುಗಳು ಬಲೆಯಲ್ಲಿ ಉಳಿಯುತ್ತವೆ. ಒಂದು ಚೂರು ತಪ್ಪಿಸಿಕೊಂಡು ಹುಲ್ಲಿನಂಥ ನೆಲಗಿಡಗಳ ನಡುವೆ ಕೂತರೆ ಅಲ್ಲೇ ಸಂಸಾರ ಹೂಡುತ್ತದೆ, ಆಮೇಲೆ ಬಿಡಿಸುವುದು ಬಹಳ ಕಷ್ಟ. ಹೆಕ್ಕಿದ ಹಸಿರು ತುದಿಗಳನ್ನು ಮುಂದಿನ ಕಲ್ಲಿಗೆ ಬಳಸಿ.

ಪಾಚಿ ಹೆಣೆದುಕೊಂಡಾಗ

ಹಸಿರು ನೂಲುಪಾಚಿ ಹಲ್ಲುಜ್ಜುವ ಬ್ರಷ್‌ಗೆ ಸುತ್ತಿ ಎಳೆದರೆ ಬರುತ್ತದೆ. ಉಳಿದದ್ದನ್ನು ಅಮಾನೊ ಎಂಬ ಜಾತಿಯ ಸಿಗಡಿಗಳು ತಿನ್ನುತ್ತವೆ. 50 ಲೀಟರಿಗೆ ಐದಾರು ಸಿಗಡಿಗಳಿರಲಿ, ಮೀನಿನ ಆಹಾರವನ್ನು ತುಸು ಕಡಿಮೆ ಮಾಡಿ. ಹೊಟ್ಟೆ ತುಂಬಿದ ಸಿಗಡಿ ಪಾಚಿಯ ಕಡೆ ತಿರುಗಿಯೂ ನೋಡುವುದಿಲ್ಲ. ಪಾಚಿ ತಿನ್ನಲೆಂದು ತರುವ ಸಿಯಾಮೀಸ್ ಆಲ್ಗಿ ಈಟರ್ ಮೀನು ಮಾಸನ್ನೂ ಮೇಯುತ್ತದೆ, ಎಚ್ಚರ. ಗೋಲ್ಡ್‌ಫಿಶ್ ಕೂಡ ಹಾಗೆಯೇ.

ಕ್ಲಾಡೋಫೋರಾ ಎಂಬುದೊಂದಿದೆ: ಒರಟಾದ, ಕವಲೊಡೆದ, ಕಡುಹಸಿರು ಎಳೆ. ದೂರದಿಂದ ಮಾಸ್‌ನಂತೆಯೇ ಕಾಣುತ್ತದೆ. ಎಲೆಗಳಿಲ್ಲದ ಎಳೆ ಕಂಡರೆ ಅದೇ. ಸಿಗಡಿಗಳು ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ, ಒಂದು ಚೂರು ಉಳಿದರೂ ಮತ್ತೆ ಬರುತ್ತದೆ. ಆ ಗೊಂಚಲನ್ನೇ ಕಿತ್ತೆಸೆದು, ಶುದ್ಧವಾಗಿರುವ ತುದಿಗಳಿಂದ ಹೊಸದಾಗಿ ಆರಂಭಿಸುವುದೇ ಜಾಣತನ.

ಕಪ್ಪು ಕುಚ್ಚಿನ ಪಾಚಿಗೆ 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು. ಒಟ್ಟು ಅಳತೆ 10 ಲೀಟರ್ ನೀರಿಗೆ 3 ಮಿ.ಲೀ. ಮೀರದಿರಲಿ. ಫಿಲ್ಟರ್ ನಿಲ್ಲಿಸಿ, ಸಿರಿಂಜ್‌ನಿಂದ ಪಾಚಿಯ ಮೇಲಷ್ಟೇ ನಿಧಾನವಾಗಿ ಬಿಡಿ, 10 ನಿಮಿಷ ಕಾದು ಫಿಲ್ಟರ್ ಚಾಲೂ ಮಾಡಿ, ನಂತರ ಮೂರನೇ ಒಂದು ಭಾಗ ನೀರು ಬದಲಿಸಿ. ಎರಡು ಮೂರು ದಿನಗಳಲ್ಲಿ ಪಾಚಿ ಕೆಂಪಾಗಿ, ಬೆಳ್ಳಗಾಗಿ ಸಾಯುತ್ತದೆ. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ರಿಕ್ಸಿಯಾ, ರಿಕಾರ್ಡಿಯಾಗಳ ಹತ್ತಿರ ಸುಳಿಯಬೇಡಿ. ದ್ರವ ಇಂಗಾಲವೆಂದು ಮಾರುವ ಗ್ಲುಟರಾಲ್ಡಿಹೈಡ್ ದ್ರಾವಣಗಳೂ ಇವಕ್ಕೆ ಅಪಾಯವೇ. ತಾಮ್ರವಿರುವ ಪಾಚಿನಾಶಕ, ಮೀನಿನ ಔಷಧಿಗಳನ್ನು ಮಾಸ್ ಇರುವ ಟ್ಯಾಂಕ್‌ಗೆ ಹಾಕಲೇಬಾರದು. ಮೀನಿಗೆ ಚಿಕಿತ್ಸೆ ಬೇಕಾದರೆ ಬೇರೆ ತೊಟ್ಟಿಯಲ್ಲಿ ಕೊಡಿ.

ನೀಲಿಹಸಿರು ಲೋಳೆ ಹಾಳೆಯಂತೆ ಮುಚ್ಚಿ, ಮಣ್ಣುವಾಸನೆ ಬಂದರೆ ಅದು ಸಯನೋಬ್ಯಾಕ್ಟೀರಿಯ. ಕೈಲಾದಷ್ಟು ಹೀರಿ ತೆಗೆದು, ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ 3ರಿಂದ 4 ದಿನ ಪೂರ್ತಿ ಕತ್ತಲಲ್ಲಿಡಿ. ಏರ್ ಪಂಪ್ ಓಡುತ್ತಿರಲಿ. ನೆರಳಿನ ಗಿಡವಾದ ಮಾಸ್‌ಗೆ ಅಷ್ಟು ಕತ್ತಲು ಲೆಕ್ಕಕ್ಕಿಲ್ಲ. ಬಟ್ಟೆ ತೆಗೆದ ದಿನ ಅರ್ಧದಷ್ಟು ನೀರು ಬದಲಿಸಿ, ಸತ್ತ ಲೋಳೆಯನ್ನು ಹೊರಹಾಕಿ.

ಕಂದಾದ ಮಾಸನ್ನು ಓದುವುದು

ತಂದ ಎರಡು ಮೂರು ವಾರಗಳಲ್ಲಿ ಹಳೆಯ ಎಲೆ ಕಂದಾಗಿ, ತುದಿಯಲ್ಲಿ ತಿಳಿಹಸಿರು ಮೊಳೆಯುತ್ತಿದ್ದರೆ ಏನೂ ಮಾಡಬೇಡಿ. ನೀರಿನ ಹೊರಗೆ ತೇವದಲ್ಲಿ ಬೆಳೆಸಿದ ಮಾಸ್ ನೀರೊಳಗಿನ ಎಲೆ ಹೊಸದಾಗಿ ಹೊರಡಿಸಲೇಬೇಕು. ಬುಡ ಮಾತ್ರ ಕಂದಾಗಿದ್ದರೆ ದಪ್ಪ ಹೆಚ್ಚಾಗಿದೆ, ಕತ್ತರಿಸಿ. ತುದಿಗಳೇ ಕಂದಾಗುತ್ತಿದ್ದರೆ ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಇತ್ತೀಚೆಗೆ ಹಾಕಿದ ಔಷಧಿಯನ್ನು ನೆನಪಿಸಿಕೊಳ್ಳಿ. ಎಳೆಗಳು ಉದ್ದುದ್ದ, ಎಲೆ ವಿರಳ, ಬಣ್ಣ ಪೇಲವ ಎಂದಾದರೆ ಆಗ ಮಾತ್ರ ಬೆಳಕು ಕಡಿಮೆಯಾಗಿದೆ. ದಿನದ ಅವಧಿಯನ್ನು ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ.

ಪೂರ್ತಿ ಕಂದಾಗಿ ಸತ್ತಂತೆ ಕಾಣುವ ಗೊಂಚಲನ್ನೂ ಕೂಡಲೇ ಎಸೆಯಬೇಡಿ. ಕೊಳೆತು ಲೋಳೆಯಾದ ಭಾಗವನ್ನು ತೆಗೆದು, ಕಡ್ಡಿಯಂತೆ ಗಟ್ಟಿಯಾಗಿ ಉಳಿದ ಕಾಂಡಗಳನ್ನು ತಂಪಾದ ತಿಳಿನೀರಿನಲ್ಲಿ, ಮಂದ ಬೆಳಕಿನಲ್ಲಿ ಆರು ವಾರ ಬಿಡಿ. ಅದರಲ್ಲಿ ಒಂದೆರಡು ಕಾಂಡಗಳಿಂದ ಸೂಜಿಮೊನೆಯಷ್ಟು ಹಸಿರು ಹೊರಬಂದರೆ, ಅಷ್ಟನ್ನೇ ಕತ್ತರಿಸಿ ಹೊಸ ಕಲ್ಲಿಗೆ ತೆಳುವಾಗಿ ಕಟ್ಟಿ.